ಮಳೆ ನಕ್ಷತ್ರ, ಆಕಾಶದ ಕುರುಹು, ನೆಲದ ಹದ: ಹಿರಿಯರ ಮಳೆ ಲೆಕ್ಕವನ್ನು ಬಿತ್ತನೆಗೆ ಬಳಸುವ ಬಗೆ

‘ಈ ಸಲ ಮಳೆ ಹೆಂಗೈತೆ?’ ಅಂತ ಬಯಲುಸೀಮೆಯ ಯಾವ ಹಿರಿಯರನ್ನು ಕೇಳಿದರೂ ಬರುವ ಉತ್ತರದಲ್ಲಿ ಮೂರು ಬೇರೆ ಬೇರೆ ವಿಚಾರಗಳು ಬೆರೆತಿರುತ್ತವೆ. ಮೊದಲನೆಯದು ಅಶ್ವಿನಿಯಿಂದ ವಿಶಾಖೆವರೆಗಿನ ಮಳೆ ನಕ್ಷತ್ರಗಳ ಲೆಕ್ಕ. ಎರಡನೆಯದು ಮೋಡ, ಗಾಳಿ, ಇರುವೆ, ಹಕ್ಕಿ, ಗಿಡಮರ ನೋಡಿ ಹೇಳುವ ಕುರುಹು. ಮೂರನೆಯದು ಯುಗಾದಿಯ ಪಂಚಾಂಗ ಶ್ರವಣ, ಮೈಲಾರದ ಕಾರ್ಣಿಕ ಅನ್ನುವ ಭವಿಷ್ಯವಾಣಿ, ಕಾರಹುಣ್ಣಿಮೆಯಂದು ಎತ್ತು ಓಡಿಸಿ ಕರಿ, ಅಂದರೆ ಅಡ್ಡ ಕಟ್ಟಿದ ಹಗ್ಗ, ಹರಿಸುವ ಶಕುನ. ಈ ಮೂರಕ್ಕೂ ಒಂದೇ ಬೆಲೆ ಕಟ್ಟಿದಾಗ ತೊಂದರೆ ಶುರುವಾಗುತ್ತದೆ. ಎಲ್ಲವನ್ನೂ ನಂಬಿದವರು ಬೀಜ ಕಳೆದುಕೊಳ್ಳುತ್ತಾರೆ. ಎಲ್ಲವನ್ನೂ ಮೂಢನಂಬಿಕೆ ಅಂತ ತಳ್ಳಿದವರು ತಲೆಮಾರುಗಳು ಕಣ್ಣಿಟ್ಟು ನೋಡಿ ಕೂಡಿಟ್ಟ ತಿಳಿವಳಿಕೆಯನ್ನು ಕಳೆದುಕೊಳ್ಳುತ್ತಾರೆ. ಎರಡನೇ ನಷ್ಟವೇ ದೊಡ್ಡದು ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಬೀಜವನ್ನಾದರೂ ಮುಂದಿನ ವರ್ಷ ಕೊಂಡು ತರಬಹುದು.

ನಕ್ಷತ್ರದ ಲೆಕ್ಕ ತಿಂಗಳುಗಟ್ಟಲೆ ಮುಂದಿನ ಕೆಲಸವನ್ನು ಯೋಜಿಸಲು ಬೇಕು. ಕುರುಹುಗಳು ಮುಂದಿನ ಕೆಲವು ಗಂಟೆಗೋ ಒಂದೆರಡು ದಿನಕ್ಕೋ ಸಾಕು. ಬೀಜ ನೆಲಕ್ಕೆ ಹಾಕಬೇಕೋ ಬೇಡವೋ ಅನ್ನುವುದನ್ನು ಮಾತ್ರ ನೆಲದ ಹದ ನೋಡಿಯೇ ತೀರ್ಮಾನಿಸಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ಮಾತಿನ ವಿಸ್ತಾರವೇ.

ಹೆಜ್ಜೆ 1: ಮಳೆ ನಕ್ಷತ್ರಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ

ಸೂರ್ಯ 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುವುದರಿಂದ ಒಂದೊಂದರಲ್ಲಿ 13–14 ದಿನ ಇರುತ್ತಾನೆ. ಆ ಅವಧಿಯಲ್ಲಿ ಬೀಳುವ ಮಳೆಗೆ ಅದೇ ನಕ್ಷತ್ರದ ಹೆಸರು. ಒಂದು ನಕ್ಷತ್ರಕ್ಕೆ ನಾಲ್ಕು ಪಾದ, ಅಂದರೆ ಒಂದು ಪಾದಕ್ಕೆ ಮೂರೂವರೆ ದಿನಕ್ಕಿಂತ ಸ್ವಲ್ಪ ಕಡಿಮೆ. ‘ಮಘೆ ಮೂರನೇ ಪಾದದಾಗೆ ಹಿಡೀತು’ ಅಂತ ಹಿರಿಯರು ಹೇಳಿದರೆ ಅದು ಆಗಸ್ಟ್ 23ರಿಂದ 27ರ ಒಳಗಿನ ಮಳೆ ಅಂತ ನೀವು ತಾರೀಕಿಗೆ ಇಳಿಸಿಕೊಳ್ಳಬಹುದು.

ತಾರೀಕುಗಳು ವರ್ಷದಿಂದ ವರ್ಷಕ್ಕೆ ಒಂದು ದಿನ ಆಚೀಚೆ ಆಗುತ್ತವೆ, ಅಷ್ಟೇ. ಅಶ್ವಿನಿ ಏಪ್ರಿಲ್ 14ರ ಸುಮಾರಿಗೆ ಹುಟ್ಟುತ್ತದೆ, ಭರಣಿ ಏಪ್ರಿಲ್ 27ಕ್ಕೆ, ಕೃತ್ತಿಕೆ ಮೇ 11ಕ್ಕೆ, ರೋಹಿಣಿ ಮೇ 25ಕ್ಕೆ. ಮೃಗಶಿರಾ, ಅಂದರೆ ಉತ್ತರ ಕರ್ನಾಟಕದವರ ಮಿರಗ, ಜೂನ್ 8ಕ್ಕೆ. ಆರಿದ್ರಾ ಜೂನ್ 22, ಪುನರ್ವಸು ಜುಲೈ 6, ಪುಷ್ಯ ಜುಲೈ 20, ಆಶ್ಲೇಷ ಆಗಸ್ಟ್ 3, ಮಘೆ ಆಗಸ್ಟ್ 17, ಹುಬ್ಬೆ ಆಗಸ್ಟ್ 30, ಉತ್ತರೆ ಸೆಪ್ಟೆಂಬರ್ 13, ಹಸ್ತ ಸೆಪ್ಟೆಂಬರ್ 27, ಚಿತ್ತೆ ಅಕ್ಟೋಬರ್ 10, ಸ್ವಾತಿ ಅಕ್ಟೋಬರ್ 24, ವಿಶಾಖೆ ನವೆಂಬರ್ 6. ಗೋಡೆಯ ಕ್ಯಾಲೆಂಡರಿನಲ್ಲಿ ಈ ದಿನಗಳಿಗೆ ಬಣ್ಣದ ಪೆನ್ನಿನಲ್ಲಿ ಸುತ್ತು ಹಾಕಿಬಿಡಿ. ಮನೆಯ ಹಿರಿಯರ ಜೊತೆ ಮಾತಾಡಲು ಇಷ್ಟು ಸಾಕು. ಅವರ ನೆನಪೆಲ್ಲ ನಕ್ಷತ್ರದ ಹೆಸರಿನಲ್ಲೇ ಇದೆ, ತಾರೀಕಿನಲ್ಲಿ ಕೇಳಿದರೆ ಅವರಿಗೆ ಹೇಳಲು ಬರುವುದಿಲ್ಲ.

ಈಗ ಗಾದೆಗಳಿಗೆ ಬನ್ನಿ. ಪ್ರಾಸಕ್ಕಾಗಿ ಹುಟ್ಟಿದವೂ ಇವೆ, ಅನುಭವದಿಂದ ಹುಟ್ಟಿದವೂ ಇವೆ, ಬೇರ್ಪಡಿಸಿ ನೋಡಬೇಕು. ‘ಅಶ್ವಿನಿ ಸಸ್ಯನಾಶಿನಿ’ ಅನ್ನುವುದರಲ್ಲಿ ಹುರುಳಿದೆ. ಏಪ್ರಿಲ್ ನಡುವಿನ ಮಳೆ ಗುಡುಗು, ಬಿರುಗಾಳಿ, ಆಲಿಕಲ್ಲಿನ ಜೊತೆ ಬರುತ್ತದೆ. ಮಾವಿನ ಕಾಯಿ ಉದುರುತ್ತದೆ, ಬಾಳೆ ಮುರಿಯುತ್ತದೆ. ಆ ತೇವಕ್ಕೆ ಆಸೆಪಟ್ಟು ಮೊಳೆತದ್ದು ಮುಂದಿನ ಬಿಸಿಲಿಗೆ ಒಣಗುತ್ತದೆ. ‘ಭರಣಿ ಸುರಿದರೆ ಧರಣಿ ಬದುಕೀತು’ ಅನ್ನುವುದನ್ನು ಉಳುಮೆಯ ಮಾತಾಗಿ ತೆಗೆದುಕೊಳ್ಳಿ. ಮೇ ಮೊದಲ ವಾರದ ಒಂದು ಹದ ಮಳೆಗೆ ಮಾಗಿ ಉಳುಮೆ ಮುಗಿಸಿದರೆ ಕಳೆ ಅರ್ಧ ಸಾಯುತ್ತದೆ, ಮುಂದಿನ ಮಳೆಯ ನೀರು ಹೊಲದಲ್ಲೇ ಇಂಗುತ್ತದೆ. ‘ರೋಹಿಣಿ ಮಳೆ ಓಣಿ ತುಂಬ ಜೋಳ’ ಉತ್ತರ ಕರ್ನಾಟಕದ ಮುಂಗಾರಿ ಜೋಳದ ಮಾತು. ತುಮಕೂರು, ಕೋಲಾರದ ರಾಗಿ ಹೊಲಕ್ಕೆ ಅದನ್ನು ತಂದು ಹಚ್ಚಬಾರದು. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಅನ್ನುವುದು ಮುಂಗಾರನ್ನೇ ನಂಬಿದ ಕಡೆಗೆಲ್ಲ ಸಲ್ಲುತ್ತದೆ. ಜೂನ್ ಕೊನೆ, ಜುಲೈ ಮೊದಲ ವಾರ ಒಣಗಿಹೋದರೆ ಬಿತ್ತನೆಯ ಲೆಕ್ಕವೆಲ್ಲ ಹಿಂದೆ ಬೀಳುತ್ತದೆ.

ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅನ್ನಿಸುವುದು ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಅನ್ನುವ ಗಾದೆ. ಆಗಸ್ಟ್ ಕೊನೆಯ ಹದಿನೈದು ದಿನ ಬಯಲುಸೀಮೆಯ ಹೊಲದಲ್ಲಿ ಏನು ನಡೆದಿರುತ್ತದೆ ನೋಡಿ. ಜುಲೈನಲ್ಲಿ ಬಿತ್ತಿದ ಕಡಲೆಕಾಯಿಯಲ್ಲಿ ಹೂ ಮುಗಿದು, ಕಾಯಿ ಕಟ್ಟುವ ಸೂಜಿ ನೆಲಕ್ಕಿಳಿಯುವ ಹೊತ್ತು ಅದು. ಮಣ್ಣು ಗಟ್ಟಿಯಾಗಿ ಒಣಗಿದ್ದರೆ ಸೂಜಿ ಒಳಗೆ ಇಳಿಯದು, ಇಳಿಯದಿದ್ದರೆ ಕಾಯಿ ಇಲ್ಲ. ರಾಗಿ ತೆಂಡೆ ಹೊಡೆಯುವುದೂ, ಅಂದರೆ ಬುಡದಿಂದ ಕವಲು ಒಡೆಯುವುದೂ ಆಗಲೇ. ಯಾವ ಮಳೆ ಎಷ್ಟು ಬರುತ್ತದೆ ಅನ್ನುವುದನ್ನು ಈ ಗಾದೆ ಹೇಳುವುದೇ ಇಲ್ಲ. ಬೆಳೆಗೆ ಯಾವಾಗ ನೀರು ಬೇಕು ಅನ್ನುವುದನ್ನು ಹೇಳುತ್ತದೆ. ಕೃಷಿ ಹೊಂಡದಲ್ಲಿ ನೀರಿದ್ದರೆ ಮಘೆ ಒಣಗಿದ ವರ್ಷ ಒಂದು ಆಸರೆ ನೀರು ಕೊಡಬೇಕಾದ ಸಮಯ ಇದೇ ಅಂತ ಓದಿಕೊಳ್ಳಬೇಕು.

‘ಕುರುಡು ಚಿತ್ತೆ ಎರಚಿದತ್ತ ಬೆಳೆ’ ಅನ್ನುವುದೂ ಹಾಗೇ ನಿಜ. ಅಕ್ಟೋಬರ್ ನಡುವಿನ ಗುಡುಗು ಮಳೆ ಒಂದು ಊರಿಗೆ ಕೆರೆ ಕೋಡಿ ಬೀಳುವಷ್ಟು ಸುರಿದು, ಎರಡು ಮೈಲಿ ಆಚೆಯ ಊರಿನ ಧೂಳನ್ನೂ ಅಡಗಿಸದೆ ಹೋಗುತ್ತದೆ. ಪಕ್ಕದೂರಿಗೆ ಮಳೆಯಾಯಿತು ಅಂತ ನಮ್ಮ ಹೊಲದ ಹದ ನೋಡದೆ ಬಿತ್ತುವ ಕೂರಿಗೆ ಹೂಡಬಾರದ ಕಾಲ.

ಕರಾವಳಿಯವರಿಗೆ ಇದರ ಜೊತೆಗೆ ಪತ್ತನಾಜೆ ಇದೆ. ತುಳು ತಿಂಗಳು ಬೇಶದ ಹತ್ತನೇ ದಿನ, ಮೇ 24 ಅಥವಾ 25. ಅವತ್ತಿಗೆ ಯಕ್ಷಗಾನ ಮೇಳಗಳ ತಿರುಗಾಟ, ಕೋಲ, ಜಾತ್ರೆ ಎಲ್ಲ ನಿಲ್ಲುತ್ತವೆ. ಗದ್ದೆಯ ಕೆಲಸಕ್ಕೆ ಜನ, ಎತ್ತು, ಮನಸ್ಸು ಎಲ್ಲ ತಿರುಗುವ ದಿನವನ್ನು ಹೀಗೆ ಖಾಯಂ ಮಾಡಿಟ್ಟಿದ್ದಾರೆ.

ಹೆಜ್ಜೆ 2: ನಕ್ಷತ್ರಕ್ಕೆ ಕಾಣದ್ದು ಏನು ಅಂತ ತಿಳಿದುಕೊಳ್ಳಿ

ಮಳೆ ನಕ್ಷತ್ರ ವರ್ಷವೂ ಅದೇ ದಿನ ಹುಟ್ಟುತ್ತದೆ. ಮಳೆ ಹಾಗೆ ಹುಟ್ಟುವುದಿಲ್ಲ. ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಅದು ಜೂನ್ 8ಕ್ಕೆ, ಅಂದರೆ ಮಿರಗ ಹುಟ್ಟುವ ದಿನಕ್ಕೆ ಮುಟ್ಟಿತು. 2024ರಲ್ಲಿ ಮೇ 30ಕ್ಕೆ, ರೋಹಿಣಿಯಲ್ಲಿ. 2025ರಲ್ಲಿ ಮೇ 24ಕ್ಕೆ, ಕೃತ್ತಿಕೆ ಮುಗಿಯುವ ಮೊದಲೇ. ಮೂರು ವರ್ಷ, ಮೂರು ನಕ್ಷತ್ರ. ಇನ್ನು ಶಾಂತಸಾಗರದ ನೀರು ಬಿಸಿಯಾಗುವ ಎಲ್ ನಿನೊ ಬಂದ ವರ್ಷ ನಮ್ಮಲ್ಲಿ ಮಳೆ ಕೈಕೊಡುವ ಸಂಭವ ಹೆಚ್ಚು. 2023 ಅಂಥ ವರ್ಷ. ಆ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದ ಈಚೆಗೆ ದಾಖಲಾದ ಅತಿ ಒಣ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಆ ವರ್ಷವೂ ಪಂಚಾಂಗದಲ್ಲಿ ಆಶ್ಲೇಷ, ಮಘೆ ತಮ್ಮ ದಿನಕ್ಕೇ ಹುಟ್ಟಿದ್ದವು.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬಂದಿಲ್ಲ. ನಮ್ಮ ಪಂಚಾಂಗ ಸೂರ್ಯನನ್ನು ನಕ್ಷತ್ರಗಳ ಎದುರಿಗಿಟ್ಟು ಅಳೆಯುತ್ತದೆ. ಋತುಗಳು ನಡೆಯುವುದು ಭೂಮಿಯ ಓರೆಯ ಲೆಕ್ಕದಲ್ಲಿ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಎರಡು ಲೆಕ್ಕಗಳ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ಕನ್ನಡದಲ್ಲಿ ಮಳೆ, ಮಿಂಚು, ಭೂಕಂಪದ ಲಕ್ಷಣಗಳನ್ನೇ ವಿಷಯವಾಗಿಸಿ ರಟ್ಟಕವಿ ‘ರಟ್ಟಮತ’ ಬರೆದದ್ದು ಕ್ರಿ.ಶ. 1300ರ ಆಸುಪಾಸು. ಅಂದಿನಿಂದ ಇಂದಿಗೆ ಮಳೆ ನಕ್ಷತ್ರಗಳು ಋತುವಿನ ಲೆಕ್ಕದಲ್ಲಿ ಹತ್ತು ದಿನದಷ್ಟು ತಡವಾಗಿವೆ. ಸಾವಿರ ವರ್ಷ ಹಿಂದಿನ ಮಾತಾದರೆ ಪೂರ್ತಿ ಒಂದು ನಕ್ಷತ್ರದಷ್ಟು ಅಂತರ. ಹಾಗಾಗಿ ಹಳೆಯ ಗ್ರಂಥದಲ್ಲಿ ‘ಈ ನಕ್ಷತ್ರದಲ್ಲಿ ಬಿತ್ತು’ ಅಂತ ಇದ್ದರೆ ಅದನ್ನು ಹಾಗೇ ಇಂದಿಗೆ ಎತ್ತಿಕೊಳ್ಳಬಾರದು. ನಿಮ್ಮ ಅಜ್ಜ ಹೇಳಿದ್ದಾದರೆ ಅಂತರ ಒಂದು ದಿನವಷ್ಟೇ, ಚಿಂತೆಯಿಲ್ಲ.

ಹೆಜ್ಜೆ 3: ನಿಮ್ಮ ಹೊಲದ್ದೇ ಮಳೆ ಪುಸ್ತಕ ಇಡಿ

ಒಂದೇ ಅಗಲದ, ನೇರ ಗೋಡೆಯ ಡಬ್ಬಿ ಸಾಕು. ಮರ, ಸೂರುಗಳಿಂದ ದೂರ ಇಡಿ. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಇದ್ದರೆ ಒಳ್ಳೆಯದು. ದಿನವೂ ಬೆಳಗ್ಗೆ ಎಂಟೂವರೆಗೆ ನಿಂತ ನೀರಿನ ಎತ್ತರವನ್ನು ಸ್ಕೇಲಿನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ಬರೆದು, ನೀರು ಚೆಲ್ಲಿಬಿಡಿ. ಹವಾಮಾನ ಇಲಾಖೆಯೂ ಬೆಳಗ್ಗೆ ಎಂಟೂವರೆಗೇ ಅಳೆಯುವುದರಿಂದ ಹೋಲಿಸಲು ಅನುಕೂಲ. ಒಂದು ಮಿಲಿಮೀಟರ್ ಮಳೆ ಅಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಆದರೆ ಮಾತ್ರ ಅದು ಮಳೆ ದಿನ.

ಪುಸ್ತಕದಲ್ಲಿ ತಾರೀಕಿನ ಪಕ್ಕ ನಕ್ಷತ್ರ, ಪಾದ, ಮಿಲಿಮೀಟರ್, ಗಾಳಿಯ ದಿಕ್ಕು, ಹಿಂದಿನ ದಿನ ಕಂಡ ಕುರುಹು ಬರೆಯಿರಿ. ಕುರುಹು ಕಂಡೂ ಮಳೆ ಬಾರದಿದ್ದರೆ ಅದನ್ನಂತೂ ತಪ್ಪದೆ ಬರೆಯಿರಿ. ಮನಸ್ಸು ಫಲಿಸಿದ್ದನ್ನು ನೆನಪಿಡುತ್ತದೆ, ಫಲಿಸದ್ದನ್ನು ಬಿಟ್ಟುಬಿಡುತ್ತದೆ. ಎಷ್ಟೋ ಕುರುಹುಗಳಿಗೆ ಹೆಸರು ಬಂದಿರುವುದು ಹೀಗೆ. ಐದಾರು ವರ್ಷ ಬರೆದ ಪುಸ್ತಕ ಕೈಲಿದ್ದರೆ ನಿಮ್ಮ ಊರಿಗೆ ಯಾವ ನಕ್ಷತ್ರ ನಂಬಿಕಸ್ಥ ಅನ್ನುವುದು ನಿಮಗೇ ಕಾಣುತ್ತದೆ. ಆಗುಂಬೆಯ ಪುಷ್ಯಕ್ಕೂ ಚಳ್ಳಕೆರೆಯ ಪುಷ್ಯಕ್ಕೂ ಹೋಲಿಕೆಯೇ ಇಲ್ಲ.

ಹೆಜ್ಜೆ 4: ಆಕಾಶ ಮತ್ತು ಗಾಳಿ ನೋಡುವುದು

ಕುರುಹುಗಳಲ್ಲಿ ನಾನು ಹೆಚ್ಚು ನಂಬುವುದು ಇವನ್ನೇ. ಮಳೆ ತರುವುದು ಮೋಡ, ಗಾಳಿಗಳೇ ಆದ್ದರಿಂದ ಇಲ್ಲಿ ಮಧ್ಯವರ್ತಿ ಇಲ್ಲ.

ಗಾಳಿಯಿಂದ ಶುರು ಮಾಡಿ. ಆಷಾಢದ ಗಾಳಿ ಜೋರಾಗಿದ್ದು, ಬೂದು ಮೋಡಗಳು ಪಡುವಣದಿಂದ ಮೂಡಣಕ್ಕೆ ಓಡುತ್ತಿದ್ದರೆ ಬಯಲುಸೀಮೆಗೆ ತುಂತುರಷ್ಟೇ. ಆ ಗಾಳಿ ತನ್ನ ನೀರನ್ನೆಲ್ಲ ಪಶ್ಚಿಮಘಟ್ಟದ ಮೇಲೆ ಸುರಿದು ಈ ಕಡೆ ಬಂದಿರುತ್ತದೆ. ಮಲೆನಾಡಿನಲ್ಲಿ ಹೊಳೆ ಉಕ್ಕಿದ ಸುದ್ದಿ ಬರುವ ದಿನಗಳಲ್ಲೇ ಚಿತ್ರದುರ್ಗದಲ್ಲಿ ಧೂಳು ಏಳುವುದು ಇದೇ ಕಾರಣಕ್ಕೆ. ಗಾಳಿ ಇದ್ದಕ್ಕಿದ್ದಂತೆ ತಗ್ಗಿ, ಎರಡು ದಿನ ಎಲೆ ಅಲ್ಲಾಡದ ಧಗೆ ಕವಿದು, ಮಧ್ಯಾಹ್ನದ ಹೊತ್ತಿಗೆ ಮೋಡ ಗೋಪುರದ ಹಾಗೆ ಮೇಲೇರತೊಡಗಿದರೆ ಆಗ ನಮ್ಮ ಕಡೆ ಗುಡುಗು ಮಳೆಯ ಸರದಿ. ದಕ್ಷಿಣ ಒಳನಾಡಿನಲ್ಲಿ ಮೇ ತಿಂಗಳಿಗೊಂದು, ಸೆಪ್ಟೆಂಬರ್–ಅಕ್ಟೋಬರಿಗೊಂದು ಹೀಗೆ ಮಳೆ ಎರಡು ಸಲ ಏರುವುದಕ್ಕೂ ಈ ಗಾಳಿಯ ಆಟ ಬಹುಮಟ್ಟಿಗೆ ಕಾರಣ.

ಚಂದ್ರ ಕೆರೆ ಕಟ್ಟುವುದು ಎರಡನೇ ಕುರುಹು. ಕೆಲವು ಕಡೆ ಗುಡಿ ಕಟ್ಟಿದೆ ಅನ್ನುತ್ತಾರೆ. ‘ಹತ್ತಿರದ ಕೆರೆ ದೂರದ ಮಳೆ, ದೂರದ ಕೆರೆ ಹತ್ತಿರದ ಮಳೆ’ ಅನ್ನುವ ಮಾತು ಇದಕ್ಕೆ ಸಂಬಂಧಿಸಿದ್ದು. ಬರೀ ಪ್ರಾಸ ಅಂತ ತಳ್ಳಬೇಡಿ, ಇವು ನಿಜಕ್ಕೂ ಎರಡು ಬೇರೆ ಬೇರೆ ಬಳೆಗಳು. ಕೈಯನ್ನು ಪೂರ್ತಿ ಚಾಚಿ, ಬೆರಳು ಅಗಲಿಸಿ, ಹೆಬ್ಬೆರಳ ತುದಿಯನ್ನು ಚಂದ್ರನ ಮೇಲಿಡಿ. ಕಿರುಬೆರಳ ತುದಿಯ ಹತ್ತಿರ ಬಳೆ ಇದ್ದರೆ ಅದು ದೂರದ ಕೆರೆ. ಬಹಳ ಎತ್ತರದಲ್ಲಿ ತೆಳ್ಳಗೆ ಹರಡಿದ ಮೋಡದ ಹಿಮದ ಹರಳುಗಳಲ್ಲಿ ಬೆಳಕು ಬಾಗಿ ಹುಟ್ಟುವ ಈ ಬಳೆ ಯಾವಾಗಲೂ ಚಂದ್ರನಿಂದ 22 ಡಿಗ್ರಿ ದೂರದಲ್ಲೇ ಇರುತ್ತದೆ. ಮಳೆಗಾಲದಲ್ಲಿ ಅಂಥ ಮೋಡ ಎಷ್ಟೋ ಸಲ ದೊಡ್ಡ ಮಳೆ ಮೋಡಗಳ ತಲೆಯಿಂದ ಹರಡಿ ಬಂದದ್ದು, ಅಂದರೆ ಸುತ್ತಲಿನ ಸೀಮೆಯಲ್ಲೆಲ್ಲೋ ಮಳೆ ವ್ಯವಸ್ಥೆ ಎದ್ದಿದೆ. ಚಂದ್ರನಿಗೆ ಅಂಟಿಕೊಂಡಂತೆ ಕಾಣುವ ಬಣ್ಣದ ಪುಟ್ಟ ಬಳೆ ತೆಳು ಮೋಡದ ನೀರ ಹನಿಗಳಿಂದ ಆದದ್ದು, ಅದರಿಂದ ಹೆಚ್ಚೇನೂ ತಿಳಿಯದು. ದೂರದ ಕೆರೆಯನ್ನು ಒಂದೆರಡು ದಿನದ ಮುನ್ಸೂಚನೆ ಅಂತ ಬರೆದುಕೊಳ್ಳಿ. ಬೇಸಿಗೆಯ ನಡುವೆ ಕಂಡರೆ ಅದಕ್ಕೆ ಅಷ್ಟು ತೂಕ ಬೇಡ.

ಕಾಮನಬಿಲ್ಲು ಸೂರ್ಯನ ಎದುರು ದಿಕ್ಕಿನಲ್ಲೇ ಮೂಡುವುದು. ಮುಂಗಾರಿನಲ್ಲಿ ಬೆಳಗ್ಗೆ ಪಡುವಣದಲ್ಲಿ ಬಿಲ್ಲು ಕಂಡರೆ ಅಲ್ಲಿ ಮಳೆ ಬೀಳುತ್ತಿದೆ, ಗಾಳಿಯೂ ಅಲ್ಲಿಂದಲೇ ಬೀಸುತ್ತಿದೆ, ಮಳೆ ನಿಮ್ಮ ಕಡೆ ಬರುವ ಸಂಭವ ಹೆಚ್ಚು. ಸಂಜೆ ಮೂಡಣದಲ್ಲಿ ಕಂಡರೆ ಅದು ದಾಟಿಹೋದ ಮಳೆ. ಹಿಂಗಾರಿಗೆ ಗಾಳಿ ಈಶಾನ್ಯಕ್ಕೆ ತಿರುಗಿದ ಮೇಲೆ ಇದನ್ನು ತಲೆಕೆಳಗು ಮಾಡಿ ಓದಬೇಕು.

ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಎಣಿಕೆ ಕಡಿಮೆಯಾಗುತ್ತಾ ಬಂದರೆ ಮಳೆ ನಿಮ್ಮತ್ತ ಬರುತ್ತಿದೆ. ಮೂವತ್ತಕ್ಕಿಂತ ಕಡಿಮೆಯಾದರೆ ಹೊಲ ಬಿಟ್ಟು ಮನೆ ಸೇರಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಹೊರಗೆ ಬರಬೇಡಿ. ಒಂಟಿ ಮರದಡಿ ನಿಲ್ಲುವುದಂತೂ ಬೇಡವೇ ಬೇಡ. ಭರಣಿ, ಕೃತ್ತಿಕೆ ಮಳೆಗಳಲ್ಲಿ ಹಸು ಕುರಿ ಕಾಯುವವರು ಸಿಡಿಲಿಗೆ ಸಿಕ್ಕುವುದು ಬಹುಪಾಲು ಹೀಗೆಯೇ.

ಹೆಜ್ಜೆ 5: ಹುಳ, ಹಕ್ಕಿ, ಗಿಡ

ಬದುವಿನ ಬುಡದ ಗೂಡಿನಿಂದ ಇರುವೆಗಳು ಸಾಲುಗಟ್ಟಿ ಮೇಲಕ್ಕೆ ಹೋಗುತ್ತಿದ್ದರೆ ಕುಕ್ಕರುಗಾಲಲ್ಲಿ ಕೂತು ನೋಡಿ. ಬಾಯಲ್ಲಿ ಬೆಳ್ಳಗಿನ ಕಾಳು ಕಚ್ಚಿರುತ್ತವೆ. ಮೊಟ್ಟೆ ಅಂತ ನಾವು ಕರೆದರೂ ಹೆಚ್ಚಿನವು ಮರಿಹುಳ ಮತ್ತು ಕೋಶ. ಗೂಡಿನೊಳಗಿನ ತೇವ ಏರಿದಾಗ ಅವನ್ನು ಒಣ ಜಾಗಕ್ಕೆ ಸಾಗಿಸುತ್ತವೆ. ಸಾಲು ಆಹಾರದ್ದಾದರೆ ಎರಡೂ ದಿಕ್ಕಿಗೆ ಓಡಾಟ ಇರುತ್ತದೆ, ಬಾಯಲ್ಲಿ ತುಣುಕು ಇರುತ್ತದೆ. ಇದು ಮಳೆಗೆ ಸಂಬಂಧವಿಲ್ಲದ ಸಾಲು. ಎಲ್ಲ ಕೋಶ ಹೊತ್ತು ತಗ್ಗಿನಿಂದ ದಿಣ್ಣೆಗೆ ಒಂದೇ ದಿಕ್ಕಿಗೆ ಹೊರಟಿದ್ದರೆ ಮಾತ್ರ ಪುಸ್ತಕದಲ್ಲಿ ಬರೆಯಿರಿ.

ಈ ಬಗೆಯ ಕುರುಹುಗಳು ಬಹುಪಾಲು ಹೇಳುವುದು ಗಾಳಿಯ ತೇವ ಏರಿದೆ ಅನ್ನುವುದನ್ನೇ. ಅಡುಗೆಮನೆಯ ಕಲ್ಲುಪ್ಪು ನೀರೊಡೆಯುವುದೂ ಅದನ್ನೇ. ಗಾಳಿಯ ತೇವಾಂಶ 75 ಶೇಕಡ ದಾಟಿದರೆ ಉಪ್ಪು ನೀರು ಹೀರಿ ಕರಗತೊಡಗುತ್ತದೆ. ಬಳ್ಳಾರಿ, ರಾಯಚೂರಿನಂಥ ಒಣ ಸೀಮೆಯಲ್ಲಿ ಮೇ ತಿಂಗಳಲ್ಲಿ ಉಪ್ಪು ಬೆವರಿದರೆ ಅದು ಸುದ್ದಿ. ಮಂಗಳೂರಿನಲ್ಲಿ ವರ್ಷದ ಬಹಳ ದಿನ ಹಾಗೇ ಇರುವುದರಿಂದ ಅಲ್ಲಿ ಅದರಿಂದ ಏನೂ ತಿಳಿಯುವುದಿಲ್ಲ. ಎಲ್ಲ ಕುರುಹಿಗೂ ಹೀಗೆ ಒಂದು ಸೀಮೆ ಇದೆ.

ರೆಕ್ಕೆ ಬಂದ ಗೆದ್ದಲು ಸಂಜೆ ದೀಪಕ್ಕೆ ಮುತ್ತುವುದು, ಉತ್ತರ ಕರ್ನಾಟಕದ ಕೆಂಪು ಮಖಮಲ್ಲಿನ ಮಿರಗದ ಹುಳ ಹೊಲದಲ್ಲಿ ಕಾಣುವುದು, ಇವೆರಡೂ ನೆಲ ಆಗಲೇ ನೆನೆದಿರುವುದರ ಗುರುತು. ಮುಂದಿನ ಮಳೆಯ ಮಾತಿಗಿಂತ ಬಿದ್ದ ಮಳೆ ಒಳಗೆ ಇಳಿದಿದೆಯೇ ಅನ್ನುವುದಕ್ಕೆ ಇವು ಸಾಕ್ಷಿ. ಹಾಗೆ ನೋಡಿದರೆ ಬಿತ್ತುವವನಿಗೆ ಹೆಚ್ಚು ಉಪಯೋಗದ ಹುಳಗಳು ಇವೇ.

ಕಕ್ಕೆ ಮರ ಮೈತುಂಬ ಹಳದಿ ಹೂ ಬಿಟ್ಟ 45 ದಿನಕ್ಕೆ ಮಳೆ ಅನ್ನುವ ನಂಬಿಕೆ ಇದೆ. ಬೇಸಿಗೆಯ ಕಾವಿಗೆ ಹೂ ಬಿಡುವ ಮರವದು. ಕಾವು ಏರಿದ ಲೆಕ್ಕವನ್ನು ಅದು ಹೇಳಬಲ್ಲದು, ಕಡಲ ಮೇಲಿನ ಗಾಳಿಯ ಲೆಕ್ಕವನ್ನಲ್ಲ. ಆದರೂ ನಿಮ್ಮ ಊರ ಹಳೆಯ ಕಕ್ಕೆ ಮರ ಒಂದನ್ನೇ ಆರಿಸಿಕೊಂಡು, ಹೂ ತುಂಬಿದ ದಿನವನ್ನು ವರ್ಷವೂ ಬರೆದಿಡಿ. ಚಾತಕ ಬಂದರೆ ಮಳೆ ಬಂತು ಅನ್ನುವ ಮಾತು ನಮಗೆ ಹೊಂದುವುದಿಲ್ಲ. ಉತ್ತರ ಮತ್ತು ನಡು ಭಾರತಕ್ಕೆ ಅದು ಆಫ್ರಿಕಾದಿಂದ ಮುಂಗಾರಿನ ಜೊತೆ ಬರುವ ಹಕ್ಕಿ. ದಕ್ಷಿಣದಲ್ಲಿ ಇಲ್ಲೇ ನೆಲೆಸಿದವೂ ಇವೆ. ಗೀಜಗ ಗೂಡನ್ನು ಸಾಮಾನ್ಯವಾಗಿ ಮರದ ಮೂಡಣ ಬದಿಗೆ ಕಟ್ಟುತ್ತದೆ, ಪಡುವಣ ಗಾಳಿಯ ಹೊಡೆತ ತಪ್ಪಲಿ ಅಂತ. ಗೂಡು ನೀರಿನಿಂದ ಎಷ್ಟು ಎತ್ತರದಲ್ಲಿದೆ ಅಂತ ನೋಡಿ ವರ್ಷದ ಮಳೆ ಹೇಳುವವರಿದ್ದಾರೆ. ಅದಕ್ಕೆ ಬೀಜ ಒಡ್ಡುವಷ್ಟು ಆಧಾರ ನನಗೆ ಕಂಡಿಲ್ಲ.

ಹೆಜ್ಜೆ 6: ಕಾರ್ಣಿಕ, ಕರಿ, ಪಂಚಾಂಗ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ನಂತರ ಮೈಲಾರಲಿಂಗನ ಭಕ್ತನಾದ ಗೊರವಯ್ಯ ಉಪವಾಸವಿದ್ದು, ಬಿಲ್ಲನ್ನೇರಿ ‘ಸದ್ದಲೇ’ ಎಂದಾಗ ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ನುಡಿಯುವ ಒಂದು ಸಾಲನ್ನು ಮಳೆಬೆಳೆಗೂ ರಾಜಕೀಯಕ್ಕೂ ಹೊಂದಿಸಿ ಅರ್ಥ ಮಾಡುತ್ತಾರೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲೂ ನವರಾತ್ರಿಯಲ್ಲಿ ಕಾರ್ಣಿಕವಾಗುತ್ತದೆ. ಕಾರಹುಣ್ಣಿಮೆಯಂದು ಬಿಳಿ ಎತ್ತು ಮೊದಲು ಕರಿ ಹರಿದರೆ ಹಿಂಗಾರಿ, ಕಂದೆತ್ತು ಹರಿದರೆ ಮುಂಗಾರಿ ಒಳ್ಳೆಯದು ಅನ್ನುತ್ತಾರೆ. ಯುಗಾದಿ ಪಂಚಾಂಗ ಈ ವರ್ಷದ ಮಳೆಯಲ್ಲಿ ಕಡಲಿಗೆ ಎಷ್ಟು ಪಾಲು, ಬೆಟ್ಟಕ್ಕೆ ಎಷ್ಟು, ಭೂಮಿಗೆ ಎಷ್ಟು ಅಂತ ಹೇಳುತ್ತದೆ. ಇದು ಗಣಿತದ ಸೂತ್ರದಿಂದ ಬಂದದ್ದು, ಮೋಡ ನೋಡಿ ಹೇಳಿದ್ದಲ್ಲ.

ಇವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಊರೆಲ್ಲ ಒಂದೆಡೆ ಸೇರಿ ಬರುವ ವರ್ಷದ ಬೇಸಾಯದ ಬಗ್ಗೆ ಒಟ್ಟಿಗೆ ಯೋಚಿಸುವ ದಿನಗಳಿವು. ಬೀಜ, ಎತ್ತು, ಆಳುಗಳ ಮಾತುಕತೆ ಆಗುವುದು ಆಗಲೇ. ಹೋಗಿ, ಕೇಳಿ, ಕೈಮುಗಿಯಿರಿ. ಸಾಲ ಎಷ್ಟು ಮಾಡಬೇಕು, ಯಾವ ಬೆಳೆ ಎಷ್ಟು ಎಕರೆ ಅನ್ನುವುದನ್ನು ಮಾತ್ರ ಅದರ ಮೇಲೆ ನಿಲ್ಲಿಸಬೇಡಿ.

ಹೆಜ್ಜೆ 7: ಹವಾಮಾನ ವರದಿಯ ಜೊತೆ ತಾಳೆ ನೋಡಿ

ಹವಾಮಾನ ಇಲಾಖೆ ಏಪ್ರಿಲ್‌ನಲ್ಲೊಮ್ಮೆ, ಮೇ ಕೊನೆಗೊಮ್ಮೆ ಇಡೀ ಮುಂಗಾರಿನ ಅಂದಾಜು ಕೊಡುತ್ತದೆ. ಎಲ್ ನಿನೊ ಇದೆಯೇ ಅನ್ನುವುದು ಅದರಲ್ಲಿ ತಿಳಿಯುತ್ತದೆ. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಕೃಷಿ ಹವಾಮಾನ ಸಲಹೆ ಬರುತ್ತದೆ, ಮೇಘದೂತ್ ಆ್ಯಪಿನಲ್ಲಿ ಕನ್ನಡದಲ್ಲೇ ಸಿಗುತ್ತದೆ. ಸಿಡಿಲಿಗೆ ದಾಮಿನಿ ಆ್ಯಪ್ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಅದರ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿ ನಿಮ್ಮ ಹೋಬಳಿಯ ಮಳೆ ವಿಚಾರ ಕೇಳಬಹುದು. ವರದಿ ‘ಮೂರು ದಿನ ಮಳೆ ಸಾಧ್ಯತೆ’ ಅಂದಿದ್ದು, ನಿಮ್ಮ ಗಾಳಿ ತಗ್ಗಿ, ಚಂದ್ರ ದೂರದ ಕೆರೆ ಕಟ್ಟಿದ್ದರೆ ಕೂರಿಗೆ ಹೊರಗೆ ತೆಗೆದಿಡಿ. ವರದಿ ಒಂದು ಹೇಳಿ ಆಕಾಶ ಇನ್ನೊಂದು ಹೇಳಿದರೆ ಎರಡು ದಿನ ಕಾಯಿರಿ.

ಹೆಜ್ಜೆ 8: ಕೊನೆಗೆ ನೆಲವನ್ನು ಕೇಳಿ

ಮಳೆ ನಿಂತ ಮಾರನೇ ದಿನ ಹೊಲದ ಮೂರು ಕಡೆ, ಒಂದು ದಿಣ್ಣೆಯಲ್ಲಿ, ಒಂದು ನಡುವೆ, ಒಂದು ತಗ್ಗಿನಲ್ಲಿ ಗುದ್ದಲಿಯಿಂದ ಅಗೆಯಿರಿ. ಮೇಲಿನ ಹಸಿ ಮಣ್ಣು ಮುಗಿದು ಒಣಮಣ್ಣಿನ ತಿಳಿ ಬಣ್ಣ ಶುರುವಾಗುವ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಗೇಣು ಹಾಕಿ ಅಳೆಯಿರಿ. 25 ಮಿಲಿಮೀಟರ್ ಮಳೆ ಒಣಗಿದ ಕೆಂಪು ಮರಳುಮಣ್ಣಿನಲ್ಲಿ ಒಂದು ಗೇಣಿನ ಹತ್ತಿರ ಇಳಿಯುತ್ತದೆ, ಎರೆಮಣ್ಣಿನಲ್ಲಿ ಸುಮಾರು ಅದರ ಅರ್ಧ. ಕೆಂಪು ನೆಲದಲ್ಲಿ ಒಂದು ಗೇಣು ಹಸಿ ಇಲ್ಲದೆ ಬೀಜ ಹಾಕಬೇಡಿ. ಆಮೇಲೆ ನಾಲ್ಕು ಬೆರಳು ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಉಂಡೆ ಮಾಡಿ, ಸೊಂಟದೆತ್ತರದಿಂದ ಬಿಡಿ. ಉಂಡೆಯೇ ಆಗದಿದ್ದರೆ ತೇವ ಸಾಲದು. ಬಿದ್ದು ಚಪ್ಪಟೆಯಾದರೆ ಇನ್ನೂ ಒಂದು ದಿನ ಆರಲಿ. ಬಿದ್ದು ಪುಡಿಪುಡಿಯಾಗಿ ಚದುರಿದರೆ ಅದೇ ಹದ.

ಹದ ಯಾವ ನಕ್ಷತ್ರದಲ್ಲಿ ಸಿಕ್ಕಿತು ಅನ್ನುವುದರ ಮೇಲೆ ಬೆಳೆ ಆರಿಸಿ. ರೋಹಿಣಿ, ಮಿರಗದಲ್ಲಿ ಸಿಕ್ಕರೆ ಹೆಸರು, ಅಲಸಂದೆ, ತೊಗರಿ. ಆರಿದ್ರಾ, ಪುನರ್ವಸುವಿನಲ್ಲಿ ಕಡಲೆಕಾಯಿ, ದೀರ್ಘಾವಧಿ ರಾಗಿ. ಪುಷ್ಯದವರೆಗೂ ಕಾಯಬೇಕಾಗಿ ಬಂದರೆ ಕಡಲೆಕಾಯಿಯ ಆಸೆ ಬಿಟ್ಟು, 110–115 ದಿನದ ಜಿಪಿಯು-28 ರಾಗಿಯೋ ಅದಕ್ಕೂ ಬೇಗ ಬರುವ ತಳಿಯೋ ನೋಡಿ. ಮಘೆಯೂ ದಾಟಿದರೆ ಹುರುಳಿ, ಸಾಮೆಯಂಥವೇ ಗತಿ. ವಿಜಯಪುರದ ಎರೆಹೊಲದವರು ಉತ್ತರೆ, ಹಸ್ತದ ಮಳೆಯನ್ನು ನೆಲದಲ್ಲಿ ಕೂಡಿಟ್ಟುಕೊಂಡು ಬಿಳಿಜೋಳ ಬಿತ್ತುತ್ತಾರೆ. ಆಮೇಲೆ ಹನಿ ಬೀಳದಿದ್ದರೂ ಒಳಗಿನ ಹಸಿಯಲ್ಲೇ ತೆನೆ ಕಟ್ಟುವ ಬೆಳೆ ಅದು. ಅಲ್ಲಿ ಎರಡು ಗೇಣು ಹಸಿ ಇದೆಯೇ ಅಂತ ಅಗೆದು ನೋಡಿಯೇ ಬಿತ್ತಬೇಕು. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಳೆ ತಡವಾದಾಗಿನ ಬೆಳೆ ಯೋಜನೆ ಇರುತ್ತದೆ, ತಳಿಯ ಹೆಸರು ಅಲ್ಲಿ ಕೇಳಿ.

ಹೆಜ್ಜೆ 9: ಕೊಯ್ಲಿನ ಹೊತ್ತಿನ ಮಳೆ

‘ಸ್ವಾತಿ ಮಳೆ ಮುತ್ತಿನ ಬೆಳೆ’ ಹಿಂಗಾರಿ ಜೋಳದವರಿಗೆ ಸರಿ. ರಾಗಿ ಕೊಯ್ಯುವವರಿಗೆ ‘ವಿಶಾಖ ಮಳೆ ಪಿಶಾಚಿಯ ಹಾಗೆ’ ಅನ್ನುವುದೇ ನಿಜ. ನವೆಂಬರಿನ ಮಳೆ ಬರುವುದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ. 2021ರ ನವೆಂಬರಿನಲ್ಲಿ ದಕ್ಷಿಣ ಒಳನಾಡಿನಲ್ಲಿ ಕೊಯ್ದ ರಾಗಿ, ನಿಂತ ರಾಗಿ ಎರಡೂ ನೆನೆದು ತೆನೆಯಲ್ಲೇ ಮೊಳಕೆಯೊಡೆದವು. ಇಂಥ ಮಳೆಗೆ ಇರುವೆ, ಉಪ್ಪು, ಚಂದ್ರ ಯಾವುದೂ ಸಾಕಷ್ಟು ಮೊದಲೇ ಎಚ್ಚರಿಸುವುದಿಲ್ಲ. ಉಪಗ್ರಹ ನೋಡುವ ಇಲಾಖೆಯ ವರದಿ ಮೂರು ನಾಲ್ಕು ದಿನ ಮೊದಲು ಹೇಳುತ್ತದೆ. ಹಾಗಾಗಿ ಸ್ವಾತಿ ಹುಟ್ಟಿದ ದಿನದಿಂದ ವರದಿಯನ್ನು ದಿನವೂ ನೋಡಿ. ಕುಸಿತದ ಸುದ್ದಿ ಇದ್ದರೆ ಕುಡುಗೋಲು ಹಾಕಬೇಡಿ. ಆಗಲೇ ಕೊಯ್ದಿದ್ದರೆ ಹೊಲದಲ್ಲಿ ಹಾಸಿದ ಅರಿ ಎತ್ತಿ, ಎತ್ತರದ ಜಾಗದಲ್ಲಿ ತೆನೆ ಒಳಮುಖವಾಗಿ ಬಣವೆ ಒಟ್ಟಿ, ತಾಡಪಾಲು ಹೊದಿಸಿ, ಸುತ್ತ ನೀರು ಹರಿದುಹೋಗಲು ಕಾಲುವೆ ತೆಗೆಯಿರಿ.